ಹಸುವಿನ ಜೊಲ್ಲು, ನಮ್ಮ ಮೆಸ್ಸಿನ ಅನ್ನ

ಕಳೆದ ಸೆಮಿಸ್ಟರ್ ಹಾಸ್ಟೆಲ್ ಡೇ ಮುಗಿದ ರಾತ್ರಿ ಎರಡು ದೊಡ್ಡ ಪಾತ್ರೆ ಪಲಾವು, ಒಂದು ಪಾತ್ರೆ ಬಿಳಿ ಅನ್ನ ಉಳಿದಿತ್ತು. ಸುಮ್ಮನೆ ಚೆಲ್ಲೋದ್ಯಾಕೆ, ದನಗಳಾದರೂ ತಿನ್ನಲಿ ಅಂತ ನಾವೇ ಕೆಲವರು ಹಿಂದಿನ ಗೇಟಿನ ಹತ್ತಿರ ಸುರಿದು ಬಂದೆವು. ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಮಲಗಿದ್ದೂ ಆಯಿತು.

ಮಾರನೇ ದಿನ ಮಧ್ಯಾಹ್ನ ಪಕ್ಕದ ಊರಿನ ಒಂದು ಹಸು ಅಲ್ಲೇ ಬೇಲಿ ಪಕ್ಕ ಮಲಗಿಬಿಟ್ಟಿತ್ತು. ಹೊಟ್ಟೆ ಊದಿತ್ತು, ಕಣ್ಣು ಗುಳಿಬಿದ್ದಿತ್ತು, ಎಬ್ಬಿಸಿದರೂ ಏಳಲಿಲ್ಲ. ಪಶುವೈದ್ಯರು ಬಂದು ಡ್ರಿಪ್ ಹಾಕಿದರು. ಅವತ್ತು ರಾತ್ರಿಯೇ ಹಸು ಸತ್ತಿತು. ಅದು ಗಬ್ಬದ ಹಸು. ವಿಷ ಏನಾದ್ರೂ ತಿಂದಿತ್ತಾ ಅಂತ ಡಾಕ್ಟರನ್ನು ಕೇಳಿದೆವು. "ಅನ್ನ ತಿಂದಿದೆ, ಅಷ್ಟೇ ಸಾಕು" ಅಂದರು. ಹಸುವಿನ ಯಜಮಾನಿ ನಮ್ಮನ್ನು ಬೈಯಲೂ ಇಲ್ಲ. "ಹಾಕಿದ್ದು ಅನ್ನಾನೇ ಅಲ್ವೇನ್ರಪ್ಪಾ, ನಿಮಗೇನು ಗೊತ್ತು" ಅಂದರು.

ಗೊತ್ತಿರಲಿಲ್ಲ ಅನ್ನೋದು ನಿಜ. ನಾವು ದಿನಾ ತಿನ್ನೋ ಅನ್ನ ಹಸುವನ್ನು ಹೇಗೆ ಕೊಲ್ಲುತ್ತೆ ಅಂತ ಆಮೇಲೆ ಓದಿ, ಕೇಳಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಬಾಯಿ, ಹಸುವಿನ ಬಾಯಿ

ಮೊದಲು ನಮ್ಮದನ್ನು ನೋಡೋಣ. ಮನುಷ್ಯನ ಬಾಯಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಲಾಲಾರಸ ಬರುತ್ತದೆ. ಅದರಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಅದು ಅನ್ನದಲ್ಲಿರುವ ಪಿಷ್ಟವನ್ನು ಬಾಯಲ್ಲೇ ಒಡೆಯಲು ಶುರು ಮಾಡುತ್ತದೆ. ಅನ್ನವನ್ನು ತುಂಬ ಹೊತ್ತು ಅಗಿದರೆ ಸಿಹಿಯಾಗೋದು ಅದಕ್ಕೇ. ಅಲ್ಲಿಂದ ಜಠರ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪ್ರೋಟೀನ್ ಒಡೆಯುವ ಪೆಪ್ಸಿನ್. ಖಾಲಿ ಜಠರದ ಪಿಎಚ್ 1.5ರಿಂದ 2ರ ಆಸುಪಾಸು. ಒಳಗೋಡೆಗೆ ದಪ್ಪ ಲೋಳೆಯ ಲೇಪ ಇರೋದರಿಂದ ಜಠರ ತನ್ನನ್ನು ತಾನೇ ಸುಟ್ಟುಕೊಳ್ಳುವುದಿಲ್ಲ.

ಈಗ ಹಸು. ದೊಡ್ಡ ಹಸುವಿಗೆ ದಿನಕ್ಕೆ 100ರಿಂದ 150 ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ! ಅದರಲ್ಲಿ ಅಮೈಲೇಸ್ ಇಲ್ಲವೆಂದೇ ಹೇಳಬಹುದು. ಊಟ ಕಂಡರೆ ನಾಯಿಗೆ ಜೊಲ್ಲು ಸುರಿಯುತ್ತೆ ಅಂತ ಪಾವ್ಲೋವ್ ಕಥೆ ಎಲ್ಲರೂ ಕೇಳಿದ್ದೇವೆ (ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೇ). ಆದರೆ ಹಸುವಿನ ಕಿವಿಯ ಕೆಳಗಿರುವ ಪರೋಟಿಡ್ ಗ್ರಂಥಿ ಊಟ ಕಾಣಲಿ ಬಿಡಲಿ, ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಕಿಣ್ವವೇ ಇಲ್ಲದ ಇಷ್ಟೊಂದು ಜೊಲ್ಲು ಯಾಕೆ ಬೇಕು?

ಒಳಗೊಂದು ಗೋಬರ್ ಗ್ಯಾಸ್ ಪ್ಲಾಂಟ್

ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಎಲ್ಲಕ್ಕಿಂತ ದೊಡ್ಡದು ರೂಮೆನ್, 100 ಲೀಟರಿಗೂ ಹೆಚ್ಚು ಹಿಡಿಯುವ ಟ್ಯಾಂಕು. ಇದರ ಗೋಡೆಯಿಂದ ಒಂದು ಹನಿ ಜೀರ್ಣರಸವೂ ಬರುವುದಿಲ್ಲ, ಲೋಳೆಯ ಲೇಪವೂ ಇಲ್ಲ. ಕೆಲಸವೆಲ್ಲ ಬ್ಯಾಕ್ಟೀರಿಯಾಗಳದ್ದು. ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಇರುತ್ತವೆ. ನಮ್ಮಿಂದ ಅರಗಿಸಲು ಆಗದ ಹುಲ್ಲಿನ ಸೆಲ್ಯುಲೋಸನ್ನು ಅವು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಈ ಆಮ್ಲಗಳು ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತವೆ. ಹಸುವಿನ ಮುಖ್ಯ ಇಂಧನ ಇದೇ.

ನಾಲ್ಕನೇ ಕೋಣೆ ಅಬೊಮೇಸಮ್ ನಮ್ಮ ಜಠರದ ಹಾಗೆಯೇ: ಆಮ್ಲ, ಪೆಪ್ಸಿನ್, ಲೋಳೆ. ಜೊತೆಗೆ ಲೈಸೋಜೈಮ್ ಎಂಬ ಕಿಣ್ವ. ನಮ್ಮ ಕಣ್ಣೀರಿನಲ್ಲೂ ಇರುವ ಇದು ಬ್ಯಾಕ್ಟೀರಿಯಾದ ಕವಚವನ್ನು ಒಡೆಯುತ್ತದೆ. ಅಂದರೆ ಹಸು ಹುಲ್ಲು ಹಾಕಿ ಬ್ಯಾಕ್ಟೀರಿಯಾ ಸಾಕುತ್ತದೆ, ಆಮೇಲೆ ಅವನ್ನೇ ಅರಗಿಸಿಕೊಂಡು ಪ್ರೋಟೀನ್ ಪಡೆಯುತ್ತದೆ.

ಆದರೆ ಈ ಟ್ಯಾಂಕು ನಡೆಯಬೇಕಾದರೆ ಅದರ ಪಿಎಚ್ 6ರಿಂದ 7ರ ಒಳಗೆ ಇರಬೇಕು. ದಿನವಿಡೀ ಆಮ್ಲ ತಯಾರಾಗುವ ಕಡೆ ಇದು ಹೇಗೆ ಸಾಧ್ಯ? ಇಲ್ಲಿ ಬರುತ್ತದೆ ಜೊಲ್ಲು. ಅದರ ಪಿಎಚ್ 8ಕ್ಕಿಂತ ಮೇಲೆ, ತುಂಬ ಬೈಕಾರ್ಬನೇಟ್ ಮತ್ತು ಫಾಸ್ಫೇಟ್. ಲೆಕ್ಕ ಹಾಕಿ ನೋಡಿ: ಲೀಟರಿಗೆ ಸುಮಾರು 10 ಗ್ರಾಂ ಸೋಡಿಯಂ ಬೈಕಾರ್ಬನೇಟಿಗೆ ಸಮ ಅಂದುಕೊಂಡರೆ, 150 ಲೀಟರಿನಲ್ಲಿ ಒಂದೂವರೆ ಕೆಜಿ. ಹಸು ದಿನಾ ಒಂದೂವರೆ ಕೆಜಿ ಅಡುಗೆ ಸೋಡಾವನ್ನು ತಾನೇ ತಯಾರಿಸಿ ನುಂಗುತ್ತದೆ. ಫಸ್ಟ್ ಇಯರ್ ಕೆಮಿಸ್ಟ್ರಿಯ ಬಫರ್ ಅಂದರೆ ಇದೇ.

ಕಂಟ್ರೋಲ್ ಇರೋದು ಮೆಲುಕಿನಲ್ಲಿ

ಗ್ರಂಥಿ ಸದಾ ಒಸರುತ್ತದೆ ಅಂದೆವು. ಆದರೆ ಅಗಿಯುವಾಗ ಮತ್ತು ಮೆಲುಕು ಹಾಕುವಾಗ ಜೊಲ್ಲು ಇನ್ನೂ ಜಾಸ್ತಿ ಬರುತ್ತದೆ. ಮೆಲುಕು ಶುರುವಾಗೋದು ಒರಟು ನಾರು ರೂಮೆನ್ನಿನ ಗೋಡೆಗೆ ತಾಗಿದಾಗ. ಒಣಹುಲ್ಲು ತಿಂದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ನಾರು ಇದ್ದರೆ ಮೆಲುಕು, ಮೆಲುಕು ಇದ್ದರೆ ಜೊಲ್ಲು, ಜೊಲ್ಲು ಇದ್ದರೆ ಪಿಎಚ್ ಸರಿ. ಒಳ್ಳೆ ಫೀಡ್‌ಬ್ಯಾಕ್ ಲೂಪ್.

ಈಗ ಇದಕ್ಕೆ ಹತ್ತಿಪ್ಪತ್ತು ಕೆಜಿ ಅನ್ನ ಹಾಕಿ. ಅನ್ನ ಮೆತ್ತಗೆ, ಅಗಿಯುವ ಕೆಲಸವೇ ಇಲ್ಲ, ಗೋಡೆಗೆ ಏನೂ ಚುಚ್ಚೋದಿಲ್ಲ. ಮೆಲುಕು ನಿಂತಿತು, ಜೊಲ್ಲು ಇಳಿಯಿತು. ಅದೇ ಹೊತ್ತಿಗೆ ಬೆಂದ ಪಿಷ್ಟ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆಮ್ಲ ಒಮ್ಮೆಲೇ ಏರುತ್ತದೆ. ಆಮ್ಲ ಜಾಸ್ತಿಯಾಗುವ ಹೊತ್ತಿಗೇ ಸೋಡಾ ಕಡಿಮೆ. ಪಿಎಚ್ ಇಳಿದಂತೆ ನಾರು ಅರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಲ್ಯಾಕ್ಟಿಕ್ ಆಮ್ಲ ಮಾಡುವವು ಬೆಳೆಯುತ್ತವೆ. ಪಿಎಚ್ 6.5ರಿಂದ 4.5ಕ್ಕೆ ಬಂದರೆ ಆಮ್ಲೀಯತೆ ನೂರು ಪಟ್ಟು. ನಾಲ್ಕನೇ ಕೋಣೆ ಇದಕ್ಕಿಂತ ಹುಳಿಯನ್ನೂ ತಡೆಯುತ್ತೆ, ಲೋಳೆ ಇದೆ. ರೂಮೆನ್ನಿಗೆ ಲೋಳೆ ಇಲ್ಲ, ಗೋಡೆ ಸುಡುತ್ತದೆ.

ಆಮೇಲೆ ಆಸ್ಮಾಸಿಸ್. ಟ್ಯಾಂಕಿನ ದ್ರವದ ಸಾಂದ್ರತೆ ಏರಿ ರಕ್ತದ ನೀರನ್ನು ಒಳಕ್ಕೆ ಎಳೆಯುತ್ತದೆ. ನಾವು ನೋಡಿದ ಗುಳಿಬಿದ್ದ ಕಣ್ಣು ಅದರ ಗುರುತು. ಆಮ್ಲ ರಕ್ತಕ್ಕೂ ಸೇರುತ್ತದೆ. ರೂಮೆನ್ನಿನ ಚಲನೆ ನಿಲ್ಲುತ್ತದೆ, ತೇಗಿ ಹೊರಹಾಕಬೇಕಾದ ಗ್ಯಾಸು ಒಳಗೇ ಉಳಿಯುತ್ತದೆ. ಒಂದೆರಡು ದಿನದಲ್ಲಿ ಹಸು ಸಾಯಬಹುದು.

ಹಾಗಾದ್ರೆ ಊರಲ್ಲಿ ಅಜ್ಜಿ ದಿನಾ ಕಲಗಚ್ಚು ಕೊಡ್ತಿದ್ರಲ್ಲ, ಅದರಲ್ಲೂ ಅನ್ನ ಇರ್ತಿತ್ತಲ್ಲ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಇರ್ತಿತ್ತು, ಒಂದು ಹಿಡಿ. ಪ್ರತಿದಿನ ಕೊಟ್ಟು ಅಭ್ಯಾಸವಾಗಿತ್ತು, ಮುಂದೆ ಹುಲ್ಲಿನ ಕಂತೆಯೂ ಇರುತ್ತಿತ್ತು. ಅಭ್ಯಾಸವಿಲ್ಲದ ಹಸುವಿಗೆ ಒಂದೇ ಸಲ ಪಾತ್ರೆಗಟ್ಟಲೆ ಸಿಕ್ಕಾಗಲೇ ತೊಂದರೆ. ಮದುವೆ, ಜಾತ್ರೆಗಳ ಮಾರನೇ ದಿನ ದನಗಳು ಹೊಟ್ಟೆಯುಬ್ಬರದಿಂದ ಮಲಗೋದು ಇದಕ್ಕೇ.

ಈಗ ನಮ್ಮ ಮೆಸ್ಸಿನಲ್ಲಿ ಕಾರ್ಯಕ್ರಮದ ಹಿಂದಿನ ದಿನ ಊಟಕ್ಕೆ ಬರುವವರ ಲೆಕ್ಕ ಬರೆದುಕೊಳ್ಳುತ್ತೇವೆ. ಉಳಿದ ಅನ್ನ ಬಿಸಿಯಿದ್ದಾಗಲೇ ಜನರಿಗೆ ತಲುಪಬೇಕು. ಕೆಟ್ಟಿದ್ದು ಮುಚ್ಚಿದ ಗೊಬ್ಬರದ ಗುಂಡಿಗೆ. ಗೇಟಿನ ಹೊರಗೆ ಮಾತ್ರ ಬೇಡ. ದನಕ್ಕೆ ಏನಾದರೂ ಕೊಡಲೇಬೇಕು ಅನಿಸಿದರೆ ಒಂದು ಕಂತೆ ಹುಲ್ಲು ಕೊಡಿ. ಅನ್ನ ತಿಂದ ಹಸು ಮೆಲುಕು ನಿಲ್ಲಿಸಿ, ಹೊಟ್ಟೆ ಊದಿಸಿಕೊಂಡು ನಿಂತಿದ್ದು ಕಂಡರೆ ಸಂಜೆವರೆಗೆ ಕಾಯಬೇಡಿ, ಮನೆಮದ್ದಿಗೂ ಹೋಗಬೇಡಿ. ತಕ್ಷಣ ಪಶುವೈದ್ಯರನ್ನು ಕರೆಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ನಾವು ಅವತ್ತು ಬೆಳಿಗ್ಗೆ ಒಮ್ಮೆ ಆ ಗೇಟಿನ ಕಡೆ ಹೋಗಿ ನೋಡಿದ್ದರೂ ನಾಲ್ಕೈದು ಗಂಟೆ ಮೊದಲೇ ಡಾಕ್ಟರ್ ಬಂದಿರುತ್ತಿದ್ದರು.