ಪರಿಣಾಮದ ಅಳತೆ

ಪರಿಣಾಮವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ; ಅದರ ಅಳತೆಗೋಲು ಯಾವುದೆಂದು ಕೇಳಿದರೆ ತಡವರಿಸುತ್ತೇವೆ. ಅಪ್ಪಣೆ ಪಡೆದು ತಾವೇ ನಿರ್ಧರಿಸಿ ನಡೆಯುವ ಕೃತಕ ಬುದ್ಧಿಯ ಯಂತ್ರಗಳು ಬಂದಿರುವ ಇಂದು ಈ ತಡವರಿಕೆ ಬರಿಯ ಮಾತಿನ ತೊಡಕಾಗಿ ಉಳಿದಿಲ್ಲ.

2016ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಂದು ದೃಷ್ಟಾಂತವನ್ನು ಮುಂದಿಟ್ಟರು. ಪೆಟ್ಟಿಗೆಯೊಂದನ್ನು ಕೋಣೆಯ ಆಚೆ ಬದಿಗೆ ಸಾಗಿಸೆಂದು ಯಂತ್ರಕ್ಕೆ ಹೇಳಿದೆ; ದಾರಿಯಲ್ಲೊಂದು ಹೂದಾನಿ. ಅದರ ಮಾತನ್ನು ಯಾರೂ ಎತ್ತಿಲ್ಲವಾಗಿ ಯಂತ್ರವು ಹೂದಾನಿಯನ್ನು ಕೆಡವಿಕೊಂಡೇ ಸಾಗುತ್ತದೆ. ಕೆಲಸವೇನೋ ಕೈಗೂಡಿತು!

ಹೂದಾನಿಯನ್ನು ಬಿಟ್ಟು ನಮ್ಮ ಹೊಲಕ್ಕೆ ಬರೋಣ. ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿಗೆ ನಾಗರಹೊಳೆಯ ಆನೆ ಇಳಿಯುವುದು ಹೊಸತಲ್ಲ. ಆನೆಯನ್ನು ಗುರುತಿಸಿ, ಬೆಳಕು ಸದ್ದುಗಳಿಂದ ಹಿಂದಿರುಗಿಸುವ ಯಂತ್ರವನ್ನು ರೈತನೊಬ್ಬ ನಿಲ್ಲಿಸಿದನೆನ್ನಿ. ಆನೆ ತಿರುಗಿತು, ಪಕ್ಕದವನ ಜೋಳಕ್ಕೆ ನುಗ್ಗಿತು. ಯಂತ್ರಕ್ಕೆ ನೂರಕ್ಕೆ ನೂರು ಅಂಕ. ಪಕ್ಕದವನ ನಷ್ಟವನ್ನು ಯಾವ ಪುಟದಲ್ಲಿ ಬರೆಯೋಣ?

ಜಗತ್ತಿನಲ್ಲಾದ ಬದಲಾವಣೆಯೆಲ್ಲ ಪರಿಣಾಮವೆನ್ನುವಂತಿಲ್ಲ. ಮಳೆ ಬಂದರೂ ಊರು ಬದಲಾಗುತ್ತದೆ. ಯಂತ್ರ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಅದರೊಡನೆ ಹೋಲಿಸಬೇಕು. ಅಷ್ಟೂ ಸಾಲದು. ಕೃಷ್ಣರಾಜನಗರದ ಗದ್ದೆಯಲ್ಲಿ ಭತ್ತ ಕೊಯ್ದರೆ ನೆಲದ ರೂಪವೇ ಬದಲಾಗುತ್ತದೆ, ಆದರೆ ಮತ್ತೆ ನಾಟಿಯಾಗುತ್ತದೆ. ತಂಬಾಕು ಹದಮಾಡುವ ಗೂಡಿಗೆ ಸೌದೆಯಾದ ಹಳೆಯ ಮರ ಮರಳುವುದಿಲ್ಲ. ಹಿಂದಿನ ಸ್ಥಿತಿಗೆ ಮರಳುವ ದಾರಿ ಎಷ್ಟು ಮುಚ್ಚಿತೆಂಬುದನ್ನು ಅಳೆಯಬೇಕೆಂದು 2018ರಲ್ಲಿ ವಿಕ್ಟೋರಿಯಾ ಕ್ರಾಕೋವ್ನಾ ಮತ್ತು ಸಂಗಡಿಗರು ಸೂಚಿಸಿದರು. ಬೇರೆ ಬೇರೆ ಗುರಿಗಳನ್ನು ಮುಟ್ಟುವ ಯಂತ್ರದ ಶಕ್ತಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದೇ ಅಳತೆಯಾಗಲೆಂದು 2019ರಲ್ಲಿ ಅಲೆಕ್ಸಾಂಡರ್ ಟರ್ನರ್ ಮತ್ತು ಸಂಗಡಿಗರು ಹೇಳಿದರು. ಜಾಣತನದ ಮಾತೇ ಸರಿ. ಆದರೂ ಅಳೆದದ್ದು ಯಂತ್ರದ ಶಕ್ತಿಯನ್ನು. ಜೋಳ ಕಳೆದುಕೊಂಡವನು ಬೇಲಿಯ ಹೊರಗೇ ನಿಂತಿದ್ದಾನೆ.

ಮನುಷ್ಯರೇ ಮಾಡಿದ ಕಾರ್ಯವೊಂದನ್ನು ಈ ಕೋಲುಗಳಿಂದ ಅಳೆದು ನೋಡಿರಿ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ 1974ರಲ್ಲಿ ಕಬಿನಿಗೆ ಅಣೆಕಟ್ಟೆಯಾಯಿತು. ಬೇಡಿದ್ದು ನೀರು, ನೀರು ನಿಂತಿತು. ಹಳ್ಳಿಗಳು, ಕಾಡು ಮುಳುಗಿದವು. ಬೇಸಗೆಯಲ್ಲಿ ನೀರಿಳಿದ ನೆಲದ ಮೇಲೆ ಹುಲ್ಲು ಚಿಗುರಿ, ಆನೆಗಳ ಹಿಂಡು ಹಿಂಡೇ ಅಲ್ಲಿ ನೆರೆಯುತ್ತದೆ. ಆನೆಗಳನ್ನು ಕೂಡಿಸಿರೆಂದು ಕಟ್ಟೆಗೆ ಹೇಳಿದವರಾರು? ಕೆಳಗಿನ ಗದ್ದೆಯ ರೈತ, ಆನೆ ನೋಡಬಂದ ಪ್ರವಾಸಿ, ಮುಳುಗಿದ ಊರಿನಿಂದ ಎದ್ದುಹೋದ ಒಕ್ಕಲು—ಈ ಮೂವರೂ ಒಂದೇ ಕಟ್ಟೆಗೆ ಮೂರು ಅಳತೆಗಳನ್ನು ಹೇಳುತ್ತಾರೆ. ಮೂರನ್ನೂ ಕೂಡಿಸಿ ಒಂದು ಅಂಕಿಯಾಗಿಸಿದೊಡನೆ ಮೂರನೆಯವನ ದನಿ ಅಡಗಿಹೋಗುತ್ತದೆ.

ಹಳೆಯ ಕನ್ನಡದಲ್ಲಿ ‘ಪರಿಣಾಮ’ಕ್ಕೆ ಇನ್ನೊಂದು ಅರ್ಥವಿದೆ: ತೃಪ್ತಿ, ನೆಮ್ಮದಿ. ವಚನಕಾರರು ಆ ಅರ್ಥದಲ್ಲಿ ಅದನ್ನು ಬಳಸಿದ್ದಾರೆ. ಎಷ್ಟು ಪರಿಣಾಮವೆಂದು ಯಂತ್ರವು ಲೆಕ್ಕ ಒಪ್ಪಿಸಲಿ. ಯಾರಿಗೆ ಪರಿಣಾಮವೆಂದು ಕೇಳುವ ಹೊಣೆ ಅಪ್ಪಣೆ ಕೊಟ್ಟವನದು. ಕೇಳಬೇಕಾದುದು ಯಂತ್ರವನ್ನಲ್ಲ, ಪಕ್ಕದ ಹೊಲದವನನ್ನು. ಅದೂ ಯಂತ್ರವನ್ನು ನಿಲ್ಲಿಸುವುದಕ್ಕೆ ಮೊದಲೇ.