ಪೊಟ್ಟಣದೊಳಗಿನ ಜೀವ, ನಾಗಪುರದ ಬಿಸಿಲು

ವಿದರ್ಭದ ಎರೆಹೊಲಗಳಲ್ಲಿ ಮುಂಗಾರಿ ಜೋಳ ಹಿಂದೆ ಸರಿದು ಸೋಯಾಬೀನ್ ಬಂದು ಕೂತಾಗ ಎಲ್ಲರೂ ಲೆಕ್ಕ ಹಾಕಿದ್ದು ಕಾಳಿನ ದರವನ್ನು. ಜೋಳದ ಜೊತೆಗೇ ಹೋದ ಕಣಿಕೆಯ ಲೆಕ್ಕ ಯಾರೂ ಇಡಲಿಲ್ಲ. ನಾಗಪುರಿ ಎಮ್ಮೆಗೂ ಗವಳಾವು ಎತ್ತಿಗೂ ವರ್ಷವಿಡೀ ಆಸರೆಯಾಗಿದ್ದುದು ಆ ಕಣಿಕೆಯ ಬಣವೆ. ಬೀದರ್ ಕಡೆಯ ರೈತರಿಗೆ ಈ ಕಥೆ ಹೊಸದೇನಲ್ಲ, ಅಲ್ಲಿಯೂ ಸೋಯಾ ಹೀಗೆಯೇ ಹಬ್ಬಿತು. ಕಣಿಕೆ ಹೊಟ್ಟೆ ತುಂಬಿಸುತ್ತದೆಯೇ ಹೊರತು ಅದರಲ್ಲಿ ಪ್ರೋಟೀನು ಅತ್ಯಲ್ಪ. ಹಾಲಿಗೆ ಬೇಕಾದ ಪ್ರೋಟೀನು ಹಿಂಡಿಯಿಂದ ಬರಬೇಕು, ಇಲ್ಲವೇ ಕುದುರೆ ಮಸಾಲೆ, ಬರ್ಸೀಮ್, ಅಲಸಂದೆಯಂಥ ದ್ವಿದಳ ಮೇವಿನಿಂದ. ಈ ಮೇವಿಗೆ ಯೂರಿಯಾ ಸುರಿಯುವ ಬದಲು ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ಹಿಡಿದುಕೊಡುವ ರೈಝೋಬಿಯಂ ಬ್ಯಾಕ್ಟೀರಿಯಾದ ಪೊಟ್ಟಣ ತಂದು ಬೀಜಕ್ಕೆ ಲೇಪಿಸಿ ಬಿತ್ತಿ ಎಂಬ ಸಲಹೆ ಹಳೆಯದು, ಸರಿಯಾದದ್ದೂ ಹೌದು. ಆದರೆ ಅರ್ಧ ಮಾತು.

ಉಳಿದರ್ಧ ಇಷ್ಟು: ಈ ಬ್ಯಾಕ್ಟೀರಿಯಾಗಳಿಗೂ ಬೆಳೆಗಳಿಗೂ ಇರುವುದು ಗೋತ್ರ ನೋಡಿ ಮಾಡಿದ ಸಂಬಂಧ. ಸೋಯಾ ಬೇರಿನಲ್ಲಿ ಗಂಟು ಕಟ್ಟುವ ಜಾತಿ ಕುದುರೆ ಮಸಾಲೆಯ ಬೇರನ್ನು ಕಣ್ಣೆತ್ತಿಯೂ ನೋಡದು. ಬರ್ಸೀಮಿಗೆ ಬೇಕಾದದ್ದು ಮತ್ತೊಂದು ಜಾತಿ. ಅಲಸಂದೆ ಮಾತ್ರ ಉದಾರಿ, ನಮ್ಮ ನೆಲದಲ್ಲಿ ಮೊದಲೇ ಇರುವ ಅಣುಜೀವಿಗಳ ಜೊತೆ ಹೊಂದಿಕೊಳ್ಳುತ್ತದೆ. ಹಾಗಾಗಿ ಅಲಸಂದೆಗೆ ಬೀಜೋಪಚಾರ ಮಾಡಿದರೂ ಕೆಲವೊಮ್ಮೆ ವ್ಯತ್ಯಾಸ ಕಣ್ಣಿಗೆ ಬೀಳದು. ಬರ್ಸೀಮ್ ಈಜಿಪ್ಟಿನಿಂದ ಬಂದ ಬೆಳೆ. ಅದನ್ನು ಎಂದೂ ಕಾಣದ ಹೊಲದಲ್ಲಿ ಅದರ ಜೊತೆಗಾರ ಸಿಗುವುದು ಅನುಮಾನ. ಲಾಭ ಹೆಚ್ಚು ಇರುವುದು ಅಲ್ಲಿಯೇ. ಎಲ್ಲ ಬೆಳೆಗೂ ಒಂದೇ ಪೊಟ್ಟಣ ಕೊಡುವ ಅಂಗಡಿಯವನ ಮಾತು ನಂಬಬೇಕಿಲ್ಲ.

‘ಹಾಕಿ ನೋಡಿದೆವು, ಏನೂ ಆಗಲಿಲ್ಲ’ ಎನ್ನುವ ರೈತನ ಆಕ್ಷೇಪವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ ರೈಝೋಬಿಯಂನಂಥ ಜೈವಿಕ ಗೊಬ್ಬರಗಳ ರಾಷ್ಟ್ರೀಯ ಯೋಜನೆ ಆರಂಭಿಸಿತು. ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನಂತೆ ನಾಗಪುರವೂ ಒಂದಾಗಿತ್ತು. 2006ರಲ್ಲಿ ಈ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದವು. ಪುಡಿರೂಪದ ರೈಝೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು ಎಂಬ ನಿಯಮವಾಯಿತು. ನಿಯಮ ಕಾಗದದ ಮೇಲಿದೆ, ಪೊಟ್ಟಣವೋ ತಗಡಿನ ಗೋದಾಮಿನಲ್ಲಿದೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರಿನಲ್ಲಿ ಮುಂಗಾರು ಬಿತ್ತನೆಯ ದಾಸ್ತಾನು ಕಾಯುವುದು ಅದೇ ಬಿಸಿಲಿನಲ್ಲಿ. ಯೂರಿಯಾ ಚೀಲವಾದರೆ ಬಿಸಿಲನ್ನು ತಡೆದುಕೊಂಡೀತು. ಬ್ಯಾಕ್ಟೀರಿಯಾ ಸಾಯುತ್ತದೆ, ಸತ್ತದ್ದು ಹೊರಗಿನಿಂದ ತಿಳಿಯುವುದೂ ಇಲ್ಲ. ಸಹಾಯಧನ ಕೊಟ್ಟು ಹಂಚಿದ ಪೊಟ್ಟಣಗಳ ಸಂಖ್ಯೆಯನ್ನೇ ಸಾಧನೆ ಎಂದು ಎಣಿಸುವುದಕ್ಕಿಂತ ಅದೇ ಹಣದಲ್ಲಿ ಹಾಲು ಸಂಗ್ರಹ ಕೇಂದ್ರಗಳ ತಂಪು ಕೋಣೆಯಲ್ಲಿ ಅವಕ್ಕೆ ಒಂದು ಮೂಲೆ ಹಿಡಿದಿಡುವುದು ಲೇಸು. ಬರ್ಸೀಮ್ ಬಿತ್ತುವುದು ಅಕ್ಟೋಬರ್ ಹೊತ್ತಿಗೆ. ಆಗಲಾದರೂ ಬೇಸಗೆಯ ಹಳೇ ಸರಕನ್ನು ರೈತನ ಕೈಗೆ ಹಾಕಬಾರದು.

ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಬಿತ್ತಿ ಐದಾರು ವಾರವಾದ ಗಿಡವನ್ನು ಮಣ್ಣುಸಮೇತ ಎಬ್ಬಿಸಿ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣಬೇಕು. ಬಿಳಿಚಿಕೊಂಡಿದ್ದರೆ ಅದು ಗಿಡದ ಅನ್ನ ತಿಂದು ಕೆಲಸ ಮಾಡದ ಬಾಡಿಗೆದಾರ. ಯೂರಿಯಾ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಸುಣ್ಣದ ಅಂಶವಿರುವ ಎರೆಮಣ್ಣು ರಂಜಕವನ್ನು ಬಿಗಿಹಿಡಿಯುವುದರಿಂದ ಅದನ್ನು ಕರಗಿಸುವ ಬ್ಯಾಕ್ಟೀರಿಯಾವನ್ನೂ ಜೊತೆಗೆ ಕೊಡುವುದುಂಟು. ಆದರೆ ಮಣ್ಣಿನಲ್ಲಿ ರಂಜಕವೇ ಕಡಿಮೆಯಿದ್ದರೆ ಅದೇನು ಕರಗಿಸೀತು?

ಬರ್ಸೀಮಿಗೆ ನೀರು ಬಹಳ ಬೇಕು, ಹತ್ತಿ ಬೆಳೆಯುವ ಒಣಭೂಮಿಯವರಿಗೆ ಅದೆಲ್ಲಿ ಸಾಧ್ಯ ಎಂಬ ಪ್ರಶ್ನೆಗೆ ನನ್ನಲ್ಲಿ ಜಾಣ ಉತ್ತರವಿಲ್ಲ. ಬಾವಿಯಿಲ್ಲದವರು ಅದರ ಗೊಡವೆಗೆ ಹೋಗದಿರುವುದೇ ಸರಿ. ಅವರಿಗಿರುವ ದಾರಿ ಮಳೆಗಾಲದ ಅಲಸಂದೆ, ಅದೂ ಮೇವಿನ ಜೋಳದ ಸಾಲುಗಳ ನಡುವೆ. ಹಸಿ ದ್ವಿದಳ ಮೇವನ್ನೇ ಹೊಟ್ಟೆ ತುಂಬ ತಿಂದ ದನಕ್ಕೆ ಹೊಟ್ಟೆಯುಬ್ಬರ ಬರುತ್ತದೆ, ಒಣಮೇವು ಬೆರೆಸಿಯೇ ಹಾಕಬೇಕು. ಹೀಗಾಗಿ ಪೊಟ್ಟಣ ಎಷ್ಟೇ ಜೀವಂತವಾಗಿದ್ದರೂ, ಹೊಲದಿಂದ ಹೋದ ಜೋಳವನ್ನು ಒಂದಿಷ್ಟಾದರೂ ವಾಪಸು ಕರೆಯಬೇಕಾಗುತ್ತದೆ.