ಗಬ್ಬದ ರಾಸುಗಳಿಗೆ ಲಘು ಖನಿಜಗಳು ಏಕೆ ಬೇಕು?

ದಿನ ತುಂಬುವ ಮೊದಲೇ ಕರು ಹಾಕುವುದು, ಸತ್ತ ಅಥವಾ ನಿಶ್ಶಕ್ತ ಕರು ಹುಟ್ಟುವುದು, ಕರು ಹಾಕಿದ ಮೇಲೆ ಕಸ ಬೀಳದಿರುವುದು - ಇವು ಹೈನುಗಾರಿಕೆಯಲ್ಲಿ ರೈತರಿಗೆ ಹೆಚ್ಚು ನಷ್ಟ ತರುವ ತೊಂದರೆಗಳು. ಕರು ಹೋಗುವುದಲ್ಲದೆ ಆ ಸೂಲಿನ ಹಾಲೂ ಕಡಿಮೆಯಾಗುತ್ತದೆ. ಹಸು ಮತ್ತೆ ಗಬ್ಬ ಕಟ್ಟುವುದು ತಡವಾಗುತ್ತದೆ. ಇವಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬೇಗ ಕಣ್ಣಿಗೆ ಬೀಳದ, ಆದರೆ ಅಲ್ಪ ಖರ್ಚಿನಲ್ಲಿ ನೀಗಿಸಬಹುದಾದ ಕಾರಣವೆಂದರೆ ಲಘು ಖನಿಜಗಳ ಕೊರತೆ.

ಲಘು ಖನಿಜಗಳ ಪಾತ್ರ

ತಾಮ್ರ, ಸತು, ಮ್ಯಾಂಗನೀಸ್, ಅಯೋಡಿನ್, ಕೋಬಾಲ್ಟ್, ಸೆಲೆನಿಯಂ ಮೊದಲಾದವು ಲಘು ಖನಿಜಗಳು. 1 ಕಿಲೋ ಒಣ ಆಹಾರದಲ್ಲಿ ತಾಮ್ರ ಸುಮಾರು 10 ಮಿಲಿಗ್ರಾಂ, ಸತು 30 ರಿಂದ 40 ಮಿಲಿಗ್ರಾಂ, ಸೆಲೆನಿಯಂ ಕೇವಲ 0.1 ರಿಂದ 0.3 ಮಿಲಿಗ್ರಾಂ ಇದ್ದರೆ ಸಾಕು.

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಹೊಟ್ಟೆಯಲ್ಲಿನ ಕರು ಬಹುಪಾಲು ಬೆಳೆಯುವುದು ಕೊನೆಯ 3 ತಿಂಗಳಲ್ಲಿ. ಹಾಲಿನಲ್ಲಿ ತಾಮ್ರ ತೀರ ಕಡಿಮೆ ಇರುವುದರಿಂದ ಕರು ಹುಟ್ಟುವ ಮೊದಲೇ ಅದನ್ನು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಳ್ಳುತ್ತದೆ. ತಾಯಿಯಲ್ಲಿಯೇ ಕೊರತೆಯಿದ್ದರೆ ಈ ಸಂಗ್ರಹ ಆಗುವುದಿಲ್ಲ.

ಅಯೋಡಿನ್ ಸಾಲದಿದ್ದರೆ ಕುತ್ತಿಗೆ ಊದಿದ, ಕೂದಲಿಲ್ಲದ ಅಥವಾ ಸತ್ತ ಕರು ಹುಟ್ಟಬಹುದು. ಮ್ಯಾಂಗನೀಸ್ ಸಾಲದಿದ್ದರೆ ಕರುವಿನ ಕಾಲು ಸೊಟ್ಟಗಾಗುತ್ತದೆ. ಸೆಲೆನಿಯಂ ಕೊರತೆಯಿಂದ ಕಸ ಬೀಳುವುದು ತಡವಾಗುತ್ತದೆ. ತಾಮ್ರದ ಕೊರತೆಯಿರುವ ರಾಸುಗಳ ಮೈಬಣ್ಣ ಮಾಸುತ್ತದೆ.

ಕೊರತೆ ಏಕೆ?

ಮಣ್ಣಿನಲ್ಲಿ ಇಲ್ಲದ್ದು ಮೇವಿಗೆ ಬರುವುದಿಲ್ಲ. ಮೇವಿನಲ್ಲಿ ಇಲ್ಲದ್ದು ರಾಸಿಗೆ ದೊರೆಯುವುದಿಲ್ಲ. ಕರ್ನಾಟಕದ ಅನೇಕ ಕಡೆ ಮಣ್ಣಿನಲ್ಲಿ ಸತುವಿನ ಕೊರತೆಯಿದೆ. ಬರೀ ಒಣಹುಲ್ಲು ತಿನ್ನುವ ರಾಸುಗಳಿಗೆ ಖನಿಜಗಳು ಸಾಲುವುದಿಲ್ಲ. ಅಲ್ಲದೆ ಮೇವಿನಲ್ಲಿ ಗಂಧಕ ಮತ್ತು ಮಾಲಿಬ್ಡಿನಂ ಹೆಚ್ಚಾದರೆ, ಇರುವ ತಾಮ್ರವೂ ಮೈಗೆ ಹತ್ತುವುದಿಲ್ಲ.

ರೈತರು ಮಾಡಬೇಕಾದುದು

1. ಒಣಹುಲ್ಲಿನ ಜೊತೆಗೆ ಅಲಸಂದೆ, ಕುದುರೆ ಮಸಾಲೆ ಸೊಪ್ಪು, ಅಗಸೆ ಅಥವಾ ಗ್ಲಿರಿಸಿಡಿಯ ಸೊಪ್ಪು ಕೊಡಬೇಕು.

2. ದೊಡ್ಡ ರಾಸಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವನ್ನು ಬೂಸಾ, ಹಿಂಡಿಯೊಂದಿಗೆ ಬೆರೆಸಿ ಕೊಡಬೇಕು. ಹಾಲು ಬತ್ತಿಸಿದ ಮೇಲೆ ಇದನ್ನು ನಿಲ್ಲಿಸುವ ರೂಢಿ ಸರಿಯಲ್ಲ. ಬೇಕಾಗುವ ಕಾಲವೇ ಅದು.

3. ಮಿಶ್ರಣವನ್ನು ತೇವ ತಗಲದಂತೆ ಮುಚ್ಚಿಡಬೇಕು. ತೆರೆದಿಟ್ಟರೆ ಅಯೋಡಿನ್ ನಷ್ಟವಾಗುತ್ತದೆ.

4. ಮಣ್ಣು ಪರೀಕ್ಷೆಯಲ್ಲಿ ಸತುವಿನ ಕೊರತೆ ಕಂಡರೆ ಮೇವಿನ ತಾಕಿಗೂ ಸತುವಿನ ಸಲ್ಫೇಟ್ ಹಾಕಬೇಕು.

ಎಚ್ಚರಿಕೆ

ಖನಿಜ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬುದು ತಪ್ಪು. ಸೆಲೆನಿಯಂ ಮಿತಿಮೀರಿದರೆ ವಿಷ. ದನಗಳ ಮಿಶ್ರಣವನ್ನು ಕುರಿಗಳಿಗೆ ಹಾಕಬಾರದು. ಅದರಲ್ಲಿನ ತಾಮ್ರ ಅವುಗಳ ಪ್ರಾಣಕ್ಕೇ ಅಪಾಯ.

ಕಂದು ಹಾಕಿದ್ದಕ್ಕೆಲ್ಲ ಖನಿಜದ ಕೊರತೆಯೇ ಕಾರಣವೆಂದು ಸುಮ್ಮನಿರಬಾರದು. ಬ್ರೂಸೆಲ್ಲೋಸಿಸ್ ಎಂಬ ಅಂಟುರೋಗದಿಂದಲೂ ಹಸುಗಳು ಕಂದು ಹಾಕುತ್ತವೆ. ಇದು ಮನುಷ್ಯರಿಗೂ ತಗಲುತ್ತದೆ. ಬಿದ್ದ ಕಂದನ್ನೂ ಕಸವನ್ನೂ ಬರಿಗೈಯಿಂದ ಮುಟ್ಟದೆ, ಕೂಡಲೇ ಪಶುವೈದ್ಯರನ್ನು ಕರೆಸಿ ಪರೀಕ್ಷೆ ಮಾಡಿಸಬೇಕು. ಬಳಿಕ ಅವನ್ನು ಆಳವಾಗಿ ಹೂಳಿ ಸುಣ್ಣ ಹಾಕಬೇಕು. ಹೆಣ್ಣುಕರುಗಳಿಗೆ 4 ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಲಸಿಕೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ.

ದಿನಕ್ಕೊಂದು ಹಿಡಿ ಖನಿಜ ಮಿಶ್ರಣ, ಒಂದು ಹೊರೆ ಹಸಿರು ಮೇವು, ಸಕಾಲದಲ್ಲಿ ಒಂದು ಲಸಿಕೆ - ಇಷ್ಟಕ್ಕೆ ತಗಲುವ ಖರ್ಚು ಒಂದು ಕರು ಕಳೆದುಕೊಂಡಾಗ ಆಗುವ ನಷ್ಟಕ್ಕಿಂತ ಎಷ್ಟೋ ಕಡಿಮೆ.